ನಮ್ಮಪ್ಪನ ಹೆಸರು ಹೇಳಿ ಸಿಗರೇಟ್ ಹಚ್ಚಬೇಡ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. ಮಗಳಿಗೆ ವೀಸಿಂಗ್ ಬಂದಿದೆ, ಉಸಿರಾಡಿದರೆ ಎದೆ ಸುಂಯ್ಗುಟ್ಟುತ್ತದೆ, ರಾತ್ರಿ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಹಾಕಿಸಿಕೊಂಡು ಬಂದೆವು ಅಂದೆ. ಡಾಕ್ಟರು ‘ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ’ ಅಂತ ಕೇಳಿದಾಗ ನಿನ್ನ ಹೆಂಡತಿ ನಿನ್ನ ಮುಖ ನೋಡಿದಳು ಅಂದೆ. ‘ಹಾಗಾದ್ರೆ ಬಿಟ್ಟುಬಿಡು ಮಾರಾಯ’ ಅಂತ ನಾನು ಹೇಳಿದ್ದಕ್ಕೆ ನಿನ್ನ ಉತ್ತರ: ‘ನಿಮ್ಮಪ್ಪ ಜೀವನಪೂರ್ತಿ ಬೀಡಿ ಸೇದಿದ್ರಲ್ಲೋ, ಎಷ್ಟು ಗಟ್ಟಿಯಾಗಿದ್ರು!’

ನನಗೆ ಬೇಜಾರಾಗಿಲ್ಲ. ನೀನು ಅಪ್ಪನನ್ನು ಪ್ರೀತಿಯಿಂದಲೇ ನೆನೆದೆ. ಆದರೆ ನೀನು ನೋಡಿದ್ದು ಬಸ್ ಓಡಿಸುತ್ತಿದ್ದ ಅಪ್ಪನನ್ನು. ನೀನು ಬೆಂಗಳೂರು ಸೇರಿದ ಮೇಲೆ ನಮ್ಮ ಮನೆಯಲ್ಲಿ ಏನೇನಾಯಿತು ಅಂತ ನಿನಗೆ ಗೊತ್ತಿಲ್ಲ. ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತಿದ್ದ ಅಪ್ಪ ನಿನ್ನ ಹತ್ತಿರ ನಗುತ್ತಲೇ ಮಾತಾಡಿದ್ದ. ಅಪ್ಪನಿಗೆ ಬಂದಂಥ ಉಸಿರಿನ ಕಾಯಿಲೆ ಇರುವವರು ಕೂತಿದ್ದಾಗ ಏನೂ ಗೊತ್ತಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟಾಗ ಗೊತ್ತಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೀರ್ಥಹಳ್ಳಿಯಿಂದ ಹೊರಟರೆ ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಬಸ್ ನಿಲ್ಲುತ್ತಿತ್ತು. ಇಳಿದ ಕೂಡಲೇ ಒಂದು ಚಾ, ಒಂದು ಬೀಡಿ. ಅಪ್ಪನ ಖಾಕಿ ಶರ್ಟಿನ ಜೇಬಿನಲ್ಲಿ ಬೀಡಿ ಕಟ್ಟು ಮತ್ತು ಬೆಂಕಿಪೊಟ್ಟಣ ಇಲ್ಲದ ದಿನವನ್ನು ನಾನು ನೋಡಿಲ್ಲ. ಬೀಡಿಯಲ್ಲಿ ತಂಬಾಕು ಕಮ್ಮಿ, ಎಲೆ ಜಾಸ್ತಿ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಈಗಲೂ ಹೇಳುವವರಿದ್ದಾರೆ. ಆದರೆ ಬೀಡಿಯನ್ನು ಎಳೆಯುತ್ತಲೇ ಇರಬೇಕು, ಇಲ್ಲದಿದ್ದರೆ ಆರಿಹೋಗುತ್ತದೆ. ಹಾಗಾಗಿ ಸೇದುವವರು ಮೇಲಿಂದ ಮೇಲೆ, ಜೋರಾಗಿ ದಮ್ಮು ಎಳೆಯುತ್ತಾರೆ. ಅದರಲ್ಲಿ ಎದೆಗೆ ಇಳಿಯುವ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಜಾಸ್ತಿಯೇ.

ಮೊದಲು ಶುರುವಾದದ್ದು ಕೆಮ್ಮು. ಬೆಳಿಗ್ಗೆ ಅಪ್ಪ ಎದ್ದ ಅಂತ ನಮಗೆ ಗೊತ್ತಾಗುತ್ತಿದ್ದದ್ದೇ ಅದರಿಂದ. ಬೀಡಿ ಸೇದುವವರಿಗೆ ಕೆಮ್ಮು ಇದ್ದದ್ದೇ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ರಸ್ತೆಯಿಂದ ಮನೆಗೆ ಬರುವ ಏರಿನಲ್ಲಿ ಅಪ್ಪ ನಡುವೆ ನಿಲ್ಲಲು ಶುರು ಮಾಡಿದ. ಸೊಂಟಕ್ಕೆ ಕೈ ಕೊಟ್ಟು, ತಲೆ ಎತ್ತಿ ಅಡಿಕೆ ಮರ ನೋಡುತ್ತಾ ನಿಲ್ಲುತ್ತಿದ್ದ. ಗೊನೆಗೆ ಮಳೆಗಾಲದ ಕೊಳೆ ರೋಗ ಬಂದಿದೆಯಾ ಅಂತ ನೋಡುತ್ತಿದ್ದಾನೆ ಅಂದುಕೊಂಡಿದ್ದೆವು. ಬೇಸಿಗೆಯಲ್ಲೂ ಹಾಗೇ ನಿಂತಾಗ ಅಮ್ಮನಿಗೆ ಅನುಮಾನ ಬಂತು.

ಶಿವಮೊಗ್ಗದಲ್ಲಿ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಪೈರೋಮೆಟ್ರಿ ಅಂತ ಒಂದು ಪರೀಕ್ಷೆ ಮಾಡಿದರು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ‘ಜೋರಾಗಿ ಊದಿ, ಇನ್ನೂ, ಇನ್ನೂ, ನಿಲ್ಲಿಸಬೇಡಿ’ ಅಂತ ಅಲ್ಲಿದ್ದ ಹುಡುಗಿ ಕೂಗುತ್ತಿದ್ದಳು. ಆರೋಗ್ಯವಾಗಿರುವವರು ಎದೆ ತುಂಬ ಎಳೆದುಕೊಂಡ ಗಾಳಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲನ್ನು ಮೊದಲ ಸೆಕೆಂಡಿನಲ್ಲೇ ಹೊರಗೆ ಹಾಕುತ್ತಾರೆ. ಅಪ್ಪನಿಗೆ ಅರ್ಧವೂ ಆಗಲಿಲ್ಲ. ಅಷ್ಟು ದೊಡ್ಡ ಬಸ್ಸನ್ನು ಘಾಟಿಯ ತಿರುವಿನಲ್ಲಿ ತಿರುಗಿಸುತ್ತಿದ್ದ ಮನುಷ್ಯ ಊದಿ ಊದಿ ಬೆವತುಹೋಗಿದ್ದ. ಸಿಒಪಿಡಿ ಅಂದರು, ಅಂದರೆ ಉಸಿರಿನ ದಾರಿ ಕಟ್ಟಿಕೊಳ್ಳುವ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ.

ಡಾಕ್ಟರು ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಶ್ವಾಸಕೋಶದೊಳಗೆ ಕೋಟಿಗಟ್ಟಲೆ ಪುಟ್ಟ ಪುಟ್ಟ ಗಾಳಿಚೀಲಗಳಿವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲೇ. ವರ್ಷಗಟ್ಟಲೆ ಹೊಗೆ ಬಿದ್ದರೆ ಅವುಗಳ ನಡುವಿನ ಗೋಡೆ ಒಡೆಯುತ್ತದೆ. ಸೋಪಿನ ನೊರೆಯಲ್ಲಿ ಸಣ್ಣ ಗುಳ್ಳೆಗಳು ಒಡೆದು ಒಂದು ದೊಡ್ಡ ಗುಳ್ಳೆ ಆಗುತ್ತದಲ್ಲ, ಹಾಗೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಹಳೇ ಗಾಳಿ ಎದೆಯಲ್ಲೇ ಉಳಿದರೆ ಹೊಸದಕ್ಕೆ ಜಾಗ ಎಲ್ಲಿ? ಇನ್‌ಹೇಲರ್ ಉಸಿರಿನ ಕೊಳವೆಗಳನ್ನು ಸ್ವಲ್ಪ ಅಗಲ ಮಾಡುತ್ತದೆ, ಅಷ್ಟೇ. ಒಡೆದ ಗೋಡೆಯನ್ನು ಮತ್ತೆ ಕಟ್ಟುವ ಔಷಧಿ ಇಲ್ಲ.

ಈಗ ನಾನು ಹೇಳುವುದನ್ನು ಸಾವಧಾನವಾಗಿ ಓದು. ‘ಎಲ್ಲರೂ ಒಂದು ದಿನ ಸಾಯೋದೇ ಅಲ್ವಾ’ ಅಂತ ನೀನು ಯಾವಾಗಲೂ ಹೇಳುತ್ತೀಯ. ಸಾಯುವುದು ಒಂದು ದಿನದ ಮಾತು. ಅದಕ್ಕೆ ಮುಂಚೆ ಅಪ್ಪ ಬದುಕಿದ ವರ್ಷಗಳಿವೆಯಲ್ಲ, ಅವುಗಳ ಬಗ್ಗೆ ನೀನು ಯೋಚನೆಯೇ ಮಾಡಿಲ್ಲ.

ಸ್ನಾನದ ಕಥೆ ಹೇಳುತ್ತೇನೆ. ನಮ್ಮ ಬಚ್ಚಲು ನಿನಗೆ ಗೊತ್ತು, ಹಂಡೆಯಲ್ಲಿ ನೀರು ಕಾಯುತ್ತದೆ. ಅಪ್ಪನಿಗೆ ತಲೆ ಮೇಲೆ ನೀರು ಹೊಯ್ದುಕೊಳ್ಳಲು ಆಗುತ್ತಿರಲಿಲ್ಲ. ಆ ಕಾಯಿಲೆಯಲ್ಲಿ ಕುತ್ತಿಗೆ, ಭುಜ, ಎದೆಯ ಸ್ನಾಯುಗಳೆಲ್ಲ ಉಸಿರಾಡಲಿಕ್ಕೇ ಬೇಕು. ಕೈ ಮೇಲೆತ್ತಿದರೆ ಉಸಿರು ಸಾಲುವುದಿಲ್ಲ. ಅಮ್ಮ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿದಳು. ಅಪ್ಪ ಅದರ ಮೇಲೆ ಕೂರುತ್ತಿದ್ದ, ಅಮ್ಮ ಚೆಂಬಿನಲ್ಲಿ ನೀರು ಹೊಯ್ಯುತ್ತಿದ್ದಳು. ಹಬೆ ತುಂಬಿದರೆ ಕಷ್ಟ ಅಂತ ಬಾಗಿಲು ಅರ್ಧ ತೆರೆದೇ ಇರಬೇಕಿತ್ತು. ಎರಡು ಚೆಂಬು ಹೊಯ್ದ ಮೇಲೆ ಅಪ್ಪ ಕೈ ಎತ್ತಿ ನಿಲ್ಲಿಸು ಅನ್ನುತ್ತಿದ್ದ. ತುಟಿ ಚೂಪು ಮಾಡಿ, ದೀಪ ಊದುವವರ ಹಾಗೆ ಮೆಲ್ಲಗೆ ಉಸಿರು ಬಿಡುತ್ತಿದ್ದ. ಹಾಗೆ ಬಿಟ್ಟರೆ ಒಳಗಿನ ಗಾಳಿ ಸ್ವಲ್ಪ ಚೆನ್ನಾಗಿ ಖಾಲಿಯಾಗುತ್ತದೆ, ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಆಮೇಲೆ ಮತ್ತೆರಡು ಚೆಂಬು. ಮೈ ಒರೆಸಿಕೊಂಡು ಪಂಚೆ ಉಟ್ಟು ಜಗಲಿಗೆ ಬಂದು ಕೂತ ಮೇಲೆ ಬಹಳ ಹೊತ್ತು ಮಾತೇ ಇಲ್ಲ. ಸ್ನಾನ ಅಂದರೆ ಅಪ್ಪನಿಗೆ ಭಯ. ಕೊನೆಕೊನೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು ಅನ್ನುತ್ತಿದ್ದ. ದಿನಾ ತಣ್ಣೀರು ಸ್ನಾನ ಮಾಡಿ ಡ್ಯೂಟಿಗೆ ಹೋಗುತ್ತಿದ್ದ ಅಪ್ಪ!

ಮಳೆಗಾಲ ಇನ್ನೂ ಕಷ್ಟ. ಡಾಕ್ಟರು ಆಕ್ಸಿಜನ್ ಕಾನ್ಸಂಟ್ರೇಟರ್ ಬರೆದುಕೊಟ್ಟರು. ದಿನಕ್ಕೆ ಕನಿಷ್ಠ 15 ಗಂಟೆ ಮೂಗಿಗೆ ಟ್ಯೂಬ್ ಹಾಕಿಕೊಂಡಿರಬೇಕು. ಅದು ಸುತ್ತಲಿನ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ, ಕರೆಂಟಿನಲ್ಲಿ ಓಡುವ ಯಂತ್ರ. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗ ಅಂತ ಹೇಳಲು ಬರುತ್ತದಾ? ಲೈನಿನ ಮೇಲೆ ಮರ ಬಿದ್ದರೆ ಮುಗಿಯಿತು. ಮನೆಯ ಯುಪಿಎಸ್ ಮೇಲೆ ಅದು ಹೆಚ್ಚು ಹೊತ್ತು ಓಡುವುದಿಲ್ಲ. ಹಾಗಾಗಿ ಒಂದು ಸಿಲಿಂಡರ್ ತಂದು ಮೂಲೆಯಲ್ಲಿ ನಿಲ್ಲಿಸಿದ್ದೆವು. ರಾತ್ರಿ ಯಂತ್ರದ ಸದ್ದು ನಿಂತರೆ ನಾವೆಲ್ಲ ಒಟ್ಟಿಗೇ ಎದ್ದು ಕೂರುತ್ತಿದ್ದೆವು. ಟಾರ್ಚ್ ಹಿಡಿಯಲು ಒಬ್ಬರು, ಸಿಲಿಂಡರ್ ತಿರುಗಿಸಲು ಒಬ್ಬರು. ಅಮ್ಮ ಅಪ್ಪನ ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತಿದ್ದಳು.

ತಂಗಿ ಬಿಎಡ್ ಸೇರಬೇಕು ಅಂತಿದ್ದಳು, ನಿನಗೆ ನೆನಪಿರಬಹುದು. ಅಮ್ಮ ಒಬ್ಬಳೇ ಆಗುತ್ತಾಳೆ ಅಂತ ಹೋಗಲಿಲ್ಲ. ಯಾರೂ ಅವಳಿಗೆ ಹೋಗಬೇಡ ಅಂದಿರಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು, ಆ ಬಗ್ಗೆ ಮಾತೆತ್ತಿದರೆ ಕಣ್ಣು ತುಂಬಿಕೊಳ್ಳುತ್ತಿದ್ದ. ಇನ್ನು ಅಮ್ಮ. ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ಈಗ ಅವಳಿಗೂ ಇನ್‌ಹೇಲರ್ ಬೇಕು. ಇದರಲ್ಲಿ ಸೌದೆ ಒಲೆಯ ಹೊಗೆ ಎಷ್ಟು, ಅಪ್ಪನ ಬೀಡಿಯ ಹೊಗೆ ಎಷ್ಟು ಅಂತ ಡಾಕ್ಟರನ್ನು ಕೇಳಿದೆ. ಬೇರ್ಪಡಿಸಿ ಹೇಳಲು ಆಗುವುದಿಲ್ಲ ಅಂದರು. ಎರಡೂ ಅವಳ ಎದೆಗೇ ಹೋಗಿದ್ದವು.

‘ನನ್ನ ಎದೆ, ನನ್ನ ದುಡ್ಡು’ ಅಂತ ನೀನು ಕಾಲೇಜಿನಲ್ಲಿ ಹೇಳುತ್ತಿದ್ದೆ. ಆಗ ನಿನ್ನ ಹಿಂದೆ ಯಾರೂ ಇರಲಿಲ್ಲ. ಈಗ ಇದ್ದಾರೆ.

ಅಪ್ಪ ಕೊನೆಗೂ ಬಿಟ್ಟ, ಅದನ್ನೂ ಹೇಳಬೇಕು. ಆಸ್ಪತ್ರೆಯಿಂದ ಬಂದವನೇ ಬೀಡಿ ಕಟ್ಟನ್ನು ಅಮ್ಮನ ಕೈಗೆ ಕೊಟ್ಟು ಒಲೆಗೆ ಹಾಕು ಅಂದ. ಮೊದಲ ವಾರ ಮನೆಯಲ್ಲಿ ಬರೀ ಸಿಟ್ಟು. ಊಟ ಸರಿಯಿಲ್ಲ, ನೀರು ಬಿಸಿಯಿಲ್ಲ, ಎಲ್ಲದಕ್ಕೂ ರೇಗಾಟ. ಜೇಬಿನಲ್ಲಿ ಏಲಕ್ಕಿ ಇಟ್ಟುಕೊಂಡು ಜಗಿಯುತ್ತಿದ್ದ. ಹಳೇ ಡ್ರೈವರ್ ಸ್ನೇಹಿತರು ಬಂದರೆ, ಸೇದುವುದಾದರೆ ಗೇಟಿನ ಆಚೆ ಅಂತ ಅಮ್ಮ ನೇರವಾಗಿ ಹೇಳುತ್ತಿದ್ದಳು. ಹೋದ ಉಸಿರು ವಾಪಸ್ ಬರಲಿಲ್ಲ. ಆದರೆ ಕೆಮ್ಮು, ಕಫ ಇಳಿಯಿತು. ಮೇಲಿಂದ ಮೇಲೆ ಅಡ್ಮಿಟ್ ಆಗುವುದು ತಪ್ಪಿತು. ವಯಸ್ಸಾದ ಹಾಗೆ ಎಲ್ಲರ ಉಸಿರಿನ ಬಲ ಕಮ್ಮಿಯಾಗುತ್ತದೆ, ಸೇದುವವರಲ್ಲಿ ಬೇಗ ಬೇಗ ಕಮ್ಮಿಯಾಗುತ್ತದೆ. ಬಿಟ್ಟರೆ ಆ ಇಳಿತ ನಿಧಾನವಾಗುತ್ತದೆ. ಅಪ್ಪ ಮೊಮ್ಮಗಳ ಜೊತೆ ಚೌಕಾಬಾರ ಆಡಿದ್ದು ಆ ದಿನಗಳಲ್ಲೇ. ಆಮೇಲೆ ಒಂದು ಮಳೆಗಾಲದಲ್ಲಿ ನ್ಯುಮೋನಿಯಾ ಬಂತು, ಆ ಎದೆಗೆ ತಡೆದುಕೊಳ್ಳಲು ಆಗಲಿಲ್ಲ. ಇನ್ನೂ ಇಪ್ಪತ್ತು ವರ್ಷ ಮುಂಚೆ ಬಿಟ್ಟಿದ್ದರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ನೀನು ಈಗ ಇರುವುದು ಆ ಇಪ್ಪತ್ತು ವರ್ಷ ಮುಂಚಿನ ಜಾಗದಲ್ಲಿ.

ನಿನ್ನ ಸಮಾಧಾನಗಳಿಗೆ ಬರುತ್ತೇನೆ. ಬಾಲ್ಕನಿಗೆ ಹೋಗಿ ಸೇದುತ್ತೇನೆ ಅಂದೆ. ಹೊಗೆ ಕಿಟಕಿಯಿಂದ ಒಳಗೆ ಬರುತ್ತದೆ. ಬಟ್ಟೆಯಲ್ಲಿ, ಕೂದಲಲ್ಲಿ, ಸೋಫಾದಲ್ಲಿ ಕೂರುತ್ತದೆ. ಮುಗಿಸಿ ಒಳಗೆ ಬಂದ ಮೇಲೂ ನಿನ್ನ ಉಸಿರಿನಲ್ಲಿ ಸ್ವಲ್ಪ ಹೊತ್ತು ಅದು ಇರುತ್ತದೆ, ಅಷ್ಟರಲ್ಲಿ ಪುಟ್ಟಿ ಬಂದು ತೊಡೆ ಏರಿರುತ್ತಾಳೆ. ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅವರ ಉಸಿರಿನ ಕೊಳವೆ ಸಣ್ಣದು. ಬೇರೆಯವರ ಹೊಗೆ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳ ವೀಸಿಂಗ್‌ಗೆ ನಿನ್ನ ಸಿಗರೇಟೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರು ಹೇಳಬೇಕು. ಆದರೆ ಹೊಗೆ ಅದನ್ನು ಕೆರಳಿಸುತ್ತದೆ ಅನ್ನುವುದರಲ್ಲಿ ಅನುಮಾನ ಇಲ್ಲ. ಮುಂದಿನ ಸಲ ಅವರು ಕೇಳಿದಾಗ ‘ಹೌದು, ನಾನು ಸೇದುತ್ತೇನೆ’ ಅಂತ ನೀನೇ ಹೇಳು.

ದಿನಕ್ಕೆ ನಾಲ್ಕೇ ಅಂದೆ. ಎದೆಯ ಲೆಕ್ಕ ಹಾಗೆ ನಡೆಯುವುದಿಲ್ಲ. ದಿನಕ್ಕೆ ಒಂದೇ ಸಿಗರೇಟ್ ಸೇದುವವರಿಗೂ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ, ಇಪ್ಪತ್ತು ಸೇದುವವರಿಗೆ ಇರುವುದರ ಹತ್ತಿರ ಹತ್ತಿರ ಅರ್ಧದಷ್ಟು. ಲೈಟ್ಸ್‌ಗೆ, ಅಂದರೆ ಹಗುರ ಅಂತ ಹೇಳುವ ಸಿಗರೇಟಿಗೆ, ಬದಲಾಯಿಸಿದೆ ಅಂದೆ. ಅದರಲ್ಲಿ ಫಿಲ್ಟರ್ ಹತ್ತಿರ ಸಣ್ಣ ತೂತುಗಳಿವೆ. ಬೆರಳಿನಲ್ಲೋ ತುಟಿಯಲ್ಲೋ ಅವು ಮುಚ್ಚಿಹೋಗುತ್ತವೆ, ತಂಬಾಕಿನ ಚಟ ಹತ್ತಿಸುವ ನಿಕೋಟಿನ್ ಸಾಲದೆ ನೀನು ಇನ್ನೂ ಆಳವಾಗಿ ಎಳೆಯುತ್ತೀಯ. ಲಾಭ ಏನೂ ಇಲ್ಲ. ಇ-ಸಿಗರೇಟ್ ಬಗ್ಗೆಯೂ ಕೇಳಿದೆ. ನಮ್ಮ ದೇಶದಲ್ಲಿ 2019ರಿಂದ ಅದಕ್ಕೆ ನಿಷೇಧ ಇದೆ, ನಿಕೋಟಿನ್ ಚಟವೂ ಬಿಡುವುದಿಲ್ಲ. ಆ ಕಡೆ ಹೋಗಲೇಬೇಡ.

ಬಿಡುವುದು ಸುಲಭ ಅಂತ ಸುಳ್ಳು ಹೇಳುವುದಿಲ್ಲ. ಒಂದು ದಮ್ಮು ಎಳೆದರೆ ಹತ್ತೇ ಸೆಕೆಂಡಿನ ಆಸುಪಾಸಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ, ಅದಕ್ಕೇ ಅದರ ಹಿಡಿತ ಅಷ್ಟು ಗಟ್ಟಿ. ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ, ಕೆಲವು ವಾರಗಳಲ್ಲಿ ಕಮ್ಮಿಯಾಗುತ್ತದೆ. ಸೇದಲೇಬೇಕು ಅನ್ನಿಸುವ ಒಂದೊಂದು ಎಳೆತ ಕೆಲವು ನಿಮಿಷ ಇದ್ದು ಹೋಗುತ್ತದೆ. ಆ ಹೊತ್ತಿಗೆ ಮೆಟ್ಟಿಲು ಇಳಿದು ಒಂದು ಸುತ್ತು ನಡೆದು ಬಾ, ಇಲ್ಲಾ ನನಗೆ ಫೋನ್ ಮಾಡು. ಇನ್ನೊಂದು ವಿಷಯ, ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಸಿಗರೇಟ್ ಇಲ್ಲದೆ ಹೊಟ್ಟೆ ಖಾಲಿಯಾಗುವುದಿಲ್ಲ ಅಂತ ಎಷ್ಟೋ ಜನ ಮತ್ತೆ ಹಚ್ಚುತ್ತಾರೆ. ನಿಕೋಟಿನ್ ಕರುಳನ್ನು ಚುರುಕು ಮಾಡುವುದು ನಿಜ. ಎದ್ದ ಕೂಡಲೇ ಬಿಸಿನೀರು ಕುಡಿ, ಸೊಪ್ಪು, ಹಣ್ಣು ಜಾಸ್ತಿ ತಿನ್ನು. ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ.

ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನು ಬಬಲ್ ಗಮ್ಮಿನ ಹಾಗೆ ಸುಮ್ನೆ ಜಗಿಯುತ್ತಾ ಇರಬಾರದು. ನಾಲ್ಕು ಸಲ ಜಗಿದು ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಗಮ್ ಬಾಯಿಗೆ ಹಾಕುವ ಮುಂಚೆ ಕಾಲು ಗಂಟೆ ಕಾಫಿ, ಟೀ ಬೇಡ, ಕುಡಿದರೆ ಬಾಯಿ ನಿಕೋಟಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಿನಗೆ ಬಿಪಿ ಇದೆ, ಹಾಗಾಗಿ ಡಾಕ್ಟರಿಗೆ ಒಂದು ಮಾತು ಕೇಳಿಯೇ ಶುರು ಮಾಡು. ಗಮ್ ಸಾಲದಿದ್ದರೆ ಅವರು ಕೊಡುವ ಮಾತ್ರೆಗಳೂ ಇವೆ. ಮತ್ತೆ, ನಿನ್ನ ಆಫೀಸಿನ ಎದುರಿನ ಗೂಡಂಗಡಿಗೆ ಟೀಗೆ ಹೋಗುವುದನ್ನು ಸ್ವಲ್ಪ ದಿನ ನಿಲ್ಲಿಸು. ಒಂದೇ ಒಂದು ಬಿಡಿ ಸಿಗರೇಟ್ ಸಿಗುವ ಜಾಗವೇ ಬಿಟ್ಟವರನ್ನು ಮತ್ತೆ ಎಳೆಯುವುದು.

ಸಿಗರೇಟ್ ಪ್ಯಾಕಿನ ಮೇಲೇ 1800-11-2356 ಅಂತ ಒಂದು ನಂಬರ್ ಅಚ್ಚಾಗಿರುತ್ತದೆ. ಬಿಡಬೇಕು ಅನ್ನುವವರಿಗೆ ಸಹಾಯ ಮಾಡುವ ಸರ್ಕಾರದ ಉಚಿತ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ನಿನ್ನ ಊರಿನಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋಗುವುದಕ್ಕೆ ಹಿಂಜರಿಯಬೇಡ, ತಂಬಾಕು ಬಿಡಿಸುವ ಚಿಕಿತ್ಸೆಯನ್ನು ಅವರು ಎಷ್ಟೋ ವರ್ಷದಿಂದ ಕೊಡುತ್ತಿದ್ದಾರೆ.

ಮುಂದಿನ ವಾರ ಕೆಲಸದ ಮೇಲೆ ಬೆಂಗಳೂರಿಗೆ ಬರುತ್ತಿದ್ದೇನೆ. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಿಗ್ಗೆ ನಿಮ್ಮನೆಯಲ್ಲಿರುತ್ತೇನೆ. ನೀನು ಒಂದು ದಿನ ರಜ ಹಾಕು, ಇಬ್ಬರೂ ಒಟ್ಟಿಗೇ ಆಸ್ಪತ್ರೆಗೆ ಹೋಗಿ ಬರೋಣ. ನಿನ್ನ ಹೆಂಡತಿಗೂ ಈ ಪತ್ರ ಓದಲು ಕೊಡು. ನೀನು ಬಿಟ್ಟ ಮೊದಲ ವಾರ ಸುಮ್ಮಸುಮ್ಮನೆ ರೇಗಬಹುದು, ಅದು ಅವಳಿಗೆ ಮೊದಲೇ ಗೊತ್ತಿರಲಿ. ಪುಟ್ಟಿಗೆ ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ತರುತ್ತೇನೆ. ಯಾವ ದಿನ ರಜ ಸಿಗುತ್ತದೆ ಅಂತ ಇವತ್ತೇ ತಿಳಿಸು, ಟಿಕೆಟ್ ಮಾಡಿಸಬೇಕು.

ನಿನ್ನ ಗೆಳೆಯ