ಬಾಟಲಿ ದಾಟಿದಷ್ಟು ಸುಲಭಕ್ಕೆ ಸರ್ಟಿಫಿಕೇಟ್ ದಾಟುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಯುರೋಪನ್ನು ಹೊಗಳಿ ಬರೆದಿದ್ದರು. ಅಲ್ಲಿನ ಯುರೋಪಿಯನ್ ಒಕ್ಕೂಟದ 27 ದೇಶಗಳಿಗೂ ಒಂದೇ ನಿಯಮ, ಒಂದು ದೇಶದ ಸರ್ಟಿಫಿಕೇಟ್ ಇದ್ದರೆ ಎಲ್ಲ ಕಡೆ ನಡೆಯುತ್ತದೆ ಅಂತ. ನಾನು ಒಂಬತ್ತು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಓದಿ ಸ್ವಲ್ಪ ನಗು ಬಂತು. ಅವರು ಬರೆದದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಉಳಿದ ಅರ್ಧ ಗೊತ್ತಿಲ್ಲದೆ ಬಂದವರು ಇಲ್ಲಿ ಪಡುವ ಪಾಡು ನೋಡಿದ್ದೇನೆ, ಅದಕ್ಕೇ ಈ ಪತ್ರ.

ಮೊದಲನೆಯದಾಗಿ, ಎಲ್ಲರಿಗೂ ಒಂದೇ ನಿಯಮ ಮಾಡಲು ಆಗಲಿಲ್ಲ ಎಂಬ ಕಾರಣಕ್ಕೇ ಈ ‘ಪರಸ್ಪರ ಮಾನ್ಯತೆ’ ಜೋರಾಗಿ ಬಂದದ್ದು. ನಿನ್ನ ನಿಯಮ ನಿನಗಿರಲಿ, ನನ್ನದು ನನಗಿರಲಿ, ನೀನು ಪರೀಕ್ಷೆ ಮಾಡಿ ಸರಿ ಅಂದದ್ದನ್ನು ನಾನು ಮತ್ತೆ ಪರೀಕ್ಷೆ ಮಾಡುವುದಿಲ್ಲ. ಇಷ್ಟೇ ಅದರ ಅರ್ಥ.

ಇದಕ್ಕೆ ಬಲ ಬಂದದ್ದು ಒಂದು ಬಾಟಲಿಯಿಂದ. ಫ್ರಾನ್ಸಿನಲ್ಲಿ ಕಪ್ಪು ಕರಂಟ್ ಹಣ್ಣಿನಿಂದ ಮಾಡುವ ಸಿಹಿ ಮದ್ಯ ಇದೆ, ಹೆಸರು ಕಾಸಿಸ್ ಡೆ ಡಿಜೋನ್. ಆಲ್ಕೋಹಾಲ್ ಶೇ 15ರಿಂದ 20. ಜರ್ಮನಿಯ ಕಾನೂನಿನಲ್ಲಿ ಹಣ್ಣಿನ ಮದ್ಯ ಅಂದರೆ ಕನಿಷ್ಠ ಶೇ 25 ಇರಬೇಕು. ಹಾಗಾಗಿ ಅದನ್ನು ಇಲ್ಲಿ ಮಾರುವಂತಿಲ್ಲ ಎಂದರು. ಆಮದು ಮಾಡಲು ಹೊರಟಿದ್ದ ಕಂಪನಿ ಕೋರ್ಟಿಗೆ ಹೋಯಿತು. ಆಗ ಜರ್ಮನ್ ಸರ್ಕಾರ ಕೊಟ್ಟ ಕಾರಣ ಕೇಳಿ. ಕಡಿಮೆ ಆಲ್ಕೋಹಾಲ್ ಇರುವ ಮದ್ಯ ಬಂದರೆ ಜನರಿಗೆ ಕುಡಿತದ ಚಟ ಹತ್ತುವುದು ಸುಲಭವಂತೆ, ಅದಕ್ಕೇ ಸ್ಟ್ರಾಂಗ್ ಇರುವುದೇ ವಾಸಿಯಂತೆ! ವಕೀಲರು ಇದನ್ನು ನಗದೆ ಹೇಗೆ ವಾದಿಸಿದರೋ ದೇವರಿಗೇ ಗೊತ್ತು. 1979ರ ಫೆಬ್ರವರಿಯಲ್ಲಿ ಯುರೋಪಿಯನ್ ನ್ಯಾಯಾಲಯ ತೀರ್ಪು ಕೊಟ್ಟಿತು. ಒಂದು ದೇಶದಲ್ಲಿ ಕಾನೂನು ಪ್ರಕಾರ ತಯಾರಾಗಿ ಮಾರಾಟವಾಗುವ ವಸ್ತುವನ್ನು ಇನ್ನೊಂದು ದೇಶ ಸುಮ್ನೆ ತಡೆಯುವಂತಿಲ್ಲ, ತಡೆಯಲೇಬೇಕಾದರೆ ಆರೋಗ್ಯ, ಗ್ರಾಹಕರ ರಕ್ಷಣೆ ಇಂಥ ಗಟ್ಟಿ ಕಾರಣ ತೋರಿಸಬೇಕು. ಎಷ್ಟು ಆಲ್ಕೋಹಾಲ್ ಇದೆ ಎಂದು ಲೇಬಲ್ ಮೇಲೆ ಬರೆದರಾಯಿತು, ಕುಡಿಯುವವರು ಓದಿಕೊಳ್ಳುತ್ತಾರೆ.

ಆಮೇಲೆ ಒಂದೊಂದೇ ಬೇಲಿ ಬಿದ್ದವು. ಬೆಲ್ಜಿಯಂನಲ್ಲಿ ಮಾರ್ಗರಿನ್ ಅನ್ನು (ಎಣ್ಣೆಯಿಂದ ಮಾಡುವ, ಬೆಣ್ಣೆಯಂತೆ ಕಾಣುವ ಪದಾರ್ಥ) ಚೌಕದ ಘನಾಕಾರದಲ್ಲೇ ಪ್ಯಾಕ್ ಮಾಡಬೇಕಿತ್ತು, ಇಲ್ಲದಿದ್ದರೆ ಜನ ಬೆಣ್ಣೆ ಅಂದುಕೊಂಡು ಮೋಸ ಹೋಗುತ್ತಾರಂತೆ. 1982ರಲ್ಲಿ ಅದು ಹೋಯಿತು. 1987ರಲ್ಲಿ ಜರ್ಮನಿಯ ಬಿಯರ್ ಸರದಿ. 1516ರ ಬವೇರಿಯಾದ ಶುದ್ಧತೆಯ ಕಟ್ಟಳೆಯನ್ನು ಹಿಡಿದು, ಬೇರೆ ಥರ ಮಾಡಿದ ವಿದೇಶಿ ಬಿಯರನ್ನು ಬಿಯರ್ ಎಂದೇ ಮಾರಬಾರದು ಅನ್ನುತ್ತಿದ್ದರು. ಕೋರ್ಟು ಒಪ್ಪಲಿಲ್ಲ. ಇಲ್ಲಿನವರು ಈಗಲೂ ತಮ್ಮ ಬಿಯರನ್ನೇ ಕುಡಿಯುತ್ತಾರೆ, ಯಾವ ಪ್ರಳಯವೂ ಆಗಲಿಲ್ಲ.

ಇದೆಲ್ಲ ಬಾಟಲಿ, ಡಬ್ಬಿಯ ಕಥೆ. ಮನುಷ್ಯರ ವಿಷಯಕ್ಕೆ ಬಂದಾಗ ನಂಬಿಕೆ ಅಷ್ಟು ಬೇಗ ಹುಟ್ಟುವುದಿಲ್ಲ, ಆ ಓದುಗರು ಬಿಟ್ಟದ್ದು ಇದನ್ನೇ.

ಓದಿದ ಸರ್ಟಿಫಿಕೇಟಿಗೆ ತಾನಾಗಿಯೇ ಮಾನ್ಯತೆ ಸಿಗುವುದು ಏಳು ವೃತ್ತಿಗಳಿಗೆ ಮಾತ್ರ. ಡಾಕ್ಟರ್, ನರ್ಸ್, ಸೂಲಗಿತ್ತಿ, ದಂತವೈದ್ಯರು, ಫಾರ್ಮಸಿಸ್ಟ್, ಪಶುವೈದ್ಯರು, ಆರ್ಕಿಟೆಕ್ಟ್. ಇದೂ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. ಎಲ್ಲ ದೇಶಗಳೂ ಕೂತು, ಕನಿಷ್ಠ ಎಷ್ಟು ಕಲಿಸಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಂಡಿವೆ. ಸಾಮಾನ್ಯ ನರ್ಸ್‌ಗೆ ಕನಿಷ್ಠ 3 ವರ್ಷ, 4,600 ಗಂಟೆ. ಅದರಲ್ಲಿ ಅರ್ಧದಷ್ಟಾದರೂ ರೋಗಿಗಳ ಹತ್ತಿರ ನಿಂತು ಕಲಿತದ್ದಿರಬೇಕು. ಡಾಕ್ಟರಿಗೆ 5 ವರ್ಷ, 5,500 ಗಂಟೆ. ಈ ಲೆಕ್ಕ ಕೂಡಿಸುವುದು ಎಷ್ಟು ಕಷ್ಟ ಅಂದರೆ, ಆರ್ಕಿಟೆಕ್ಟ್‌ಗಳ ಪ್ರಸ್ತಾವ 1967ರಲ್ಲಿ ಬಂದದ್ದು, ಅದು ಕಾನೂನಾದದ್ದು 1985ರಲ್ಲಿ. ಅಷ್ಟರಲ್ಲಿ ಆಗ ಹುಟ್ಟಿದ ಮಗುವೇ ಆರ್ಕಿಟೆಕ್ಚರ್ ಓದಲು ಸೇರಬಹುದಿತ್ತು.

ಉಳಿದ ವೃತ್ತಿಗಳಿಗೆ ಒಕ್ಕೂಟದ 2005ರ ನಿರ್ದೇಶನದಲ್ಲಿ (ಎಲ್ಲ ಸದಸ್ಯ ದೇಶಗಳೂ ಪಾಲಿಸಬೇಕಾದ ಕಾನೂನು) ಬೇರೆ ದಾರಿ ಇದೆ. ನಿಮ್ಮ ಓದನ್ನೂ ಅನುಭವವನ್ನೂ ಹೊಸ ದೇಶದವರು ತಮ್ಮ ಓದಿನ ಜೊತೆ ಹೋಲಿಸಿ ನೋಡುತ್ತಾರೆ. ದೊಡ್ಡ ವ್ಯತ್ಯಾಸ ಕಂಡರೆ ಒಂದು ಪರೀಕ್ಷೆ ಬರೆಯಿರಿ, ಇಲ್ಲವೇ ಸ್ವಲ್ಪ ಕಾಲ ಒಬ್ಬರ ಕೈಕೆಳಗೆ ಕೆಲಸ ಮಾಡಿ ಅನ್ನುತ್ತಾರೆ. ಸಾಮಾನ್ಯವಾಗಿ ಎರಡರಲ್ಲಿ ಯಾವುದು ಬೇಕೋ ಅರ್ಜಿದಾರರೇ ಆರಿಸಿಕೊಳ್ಳಬಹುದು. ಹೋಲಿಸಿ ನೋಡಲೇಬೇಕು ಎಂಬ ಹಕ್ಕೂ ಕೋರ್ಟಿನಿಂದಲೇ ಬಂದದ್ದು. ಗ್ರೀಸ್‌ನ ಒಬ್ಬ ವಕೀಲೆ ಜರ್ಮನಿಯಲ್ಲೇ ಡಾಕ್ಟರೇಟ್ ಮಾಡಿ, ಇಲ್ಲೇ ವರ್ಷಗಟ್ಟಲೆ ವಕೀಲರ ಕಚೇರಿಯಲ್ಲಿ ಕೆಲಸ ಮಾಡಿದ್ದರು. ಆದರೂ ಇಲ್ಲಿನ ಪರೀಕ್ಷೆ ಪಾಸಾಗಿಲ್ಲ ಎಂದು ಅವರ ಅರ್ಜಿ ತಳ್ಳಿಹಾಕಿದರು. ಅವರು ಬಿಡಲಿಲ್ಲ. 1991ರಲ್ಲಿ ನ್ಯಾಯಾಲಯ, ಸರ್ಟಿಫಿಕೇಟ್ ಮೇಲಿನ ಸೀಲು ನಮ್ಮದಲ್ಲ ಎಂದು ಫೈಲು ಮುಚ್ಚುವಂತಿಲ್ಲ, ಅವರಿಗೆ ಏನು ಗೊತ್ತಿದೆ ಎಂದು ನೋಡಿ ಅಂದಿತು.

ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ನಮ್ಮ ಕಟ್ಟಡದಲ್ಲಿ, ನಮ್ಮ ಮೇಲಿನ ಮನೆಯಲ್ಲಿ ಸ್ಪೇನ್‌ನ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ. ಅಲ್ಲಿ ಅದು ಯೂನಿವರ್ಸಿಟಿಯಲ್ಲಿ ನಾಲ್ಕು ವರ್ಷದ ಡಿಗ್ರಿ. ಜರ್ಮನಿಯಲ್ಲಿ ಬಹುತೇಕರು ಕಲಿಯುವುದು ವೃತ್ತಿಶಾಲೆಯಲ್ಲಿ, ಮೂರು ವರ್ಷ. ಜಾಸ್ತಿ ಓದಿದವರು ಕಡಿಮೆ ಓದಿಸುವ ದೇಶಕ್ಕೆ ಬಂದು ‘ನನ್ನ ಓದು ಸಾಕಾ’ ಎಂದು ಕೇಳುತ್ತಾ ನಿಂತರು. ಪ್ರತಿಯೊಂದು ಹಾಳೆಗೂ ಅಧಿಕೃತ ಅನುವಾದಕರ ಸೀಲು ಬೇಕು. ಅದಕ್ಕೆ ಪುಟದ ಲೆಕ್ಕದಲ್ಲಿ ದುಡ್ಡು. ಒಂದು ಹಾಳೆ ಕಳೆದುಹೋಯಿತು ಎಂದು ಕಚೇರಿಯವರು ಮತ್ತೆ ಕೇಳಿದರು. ನಿಯಮದ ಪ್ರಕಾರ ದಾಖಲೆಗಳೆಲ್ಲ ಸರಿಯಾಗಿ ಕೈಸೇರಿದ ಮೇಲೆ ಮೂರ್ನಾಲ್ಕು ತಿಂಗಳಲ್ಲಿ ತೀರ್ಮಾನ ಹೇಳಬೇಕು. ಇವರಿಗೆ ಏಳನೇ ತಿಂಗಳಲ್ಲಿ ಪತ್ರ ಬಂತು. ‘ನನ್ನ ಕೈ ಅದೇ, ಜನರ ಬೆನ್ನುನೋವೂ ಅದೇ, ಗಡಿ ದಾಟಿದ ತಕ್ಷಣ ಕಲಿತದ್ದು ಮರೆತುಹೋಗುತ್ತಾ?’ ಎಂದು ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇಸರ ಏನಂದರೆ, ಇಂಥವರಿಗಾಗಿಯೇ 2016ರಿಂದ ಯುರೋಪಿಯನ್ ವೃತ್ತಿ ಕಾರ್ಡ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ನರ್ಸ್, ಫಾರ್ಮಸಿಸ್ಟ್, ಫಿಸಿಯೋಥೆರಪಿಸ್ಟ್, ಮನೆ-ಸೈಟ್ ಏಜೆಂಟ್, ಪರ್ವತ ಹತ್ತಿಸುವ ಗೈಡ್, ಇವರಿಗೆ ಮಾತ್ರ. (ಈ ಪಟ್ಟಿಯನ್ನು ಯಾರು ಯಾವ ಲೆಕ್ಕದಲ್ಲಿ ಮಾಡಿದರು ಅಂತ ನನಗೂ ಕುತೂಹಲ.) ಅದರಲ್ಲಿ ತಾಯ್ನಾಡಿನ ಅಧಿಕಾರಿಗಳೇ ಮೊದಲು ದಾಖಲೆ ನೋಡಿ ಮುಂದಕ್ಕೆ ಕಳಿಸುತ್ತಾರೆ. ಆಕೆಗೆ ಇದು ಗೊತ್ತಿರಲಿಲ್ಲ, ಕೌಂಟರಿನಲ್ಲಿ ಕೂತವರೂ ಹೇಳಲಿಲ್ಲ. ಇನ್ನೊಂದು ದೇಶದ ಕಚೇರಿ ಯುರೋಪಿನ ನಿಯಮ ತಪ್ಪಿದರೆ ದೂರು ಕೊಡಲು ಸೋಲ್ವಿಟ್ ಎಂಬ ಉಚಿತ ಸೇವೆಯೂ ಇದೆ. ಅದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಜನರ ಬಗೆಗಿನ ಈ ಅಂಜಿಕೆ ರಾಜಕೀಯಕ್ಕೂ ಬಂದಿತ್ತು. ಅವರವರ ದೇಶದ ನಿಯಮ ಹಿಡಿದೇ ಬೇರೆ ದೇಶದಲ್ಲಿ ಸೇವೆ ಕೊಡಬಹುದು ಎಂಬ ಕರಡು 2004ರಲ್ಲಿ ಬಂದಾಗ, ಫ್ರಾನ್ಸಿನಲ್ಲಿ ‘ಪೋಲೆಂಡಿನ ಪ್ಲಂಬರ್’ ಬಂದು ಕೆಲಸ ಕಿತ್ತುಕೊಳ್ಳುತ್ತಾನೆ ಎಂದು ಗುಲ್ಲೆದ್ದಿತು. ಪೋಲೆಂಡಿನ ಪ್ರವಾಸೋದ್ಯಮದವರು ಒಬ್ಬ ಚೆಂದದ ಪ್ಲಂಬರ್‌ನ ಪೋಸ್ಟರ್ ಮಾಡಿ, ನಾನು ಇಲ್ಲೇ ಇರುತ್ತೇನೆ, ನೀವೇ ಬನ್ನಿ ಎಂದು ಕಾಲೆಳೆದರು. ಆದರೆ 2006ರಲ್ಲಿ ಕಾನೂನು ಪಾಸಾಗುವಾಗ ಆ ಮೂಲ ಅಂಶವನ್ನೇ ಕೈಬಿಟ್ಟಿದ್ದರು. ಬಾಟಲಿಗೆ ಸಿಕ್ಕ ನಂಬಿಕೆ ಪ್ಲಂಬರ್‌ಗೆ ಸಿಗಲಿಲ್ಲ.

ಕೊಟ್ಟ ನಂಬಿಕೆ ಹೋಗುವುದೂ ಉಂಟು. 2020ರ ಡಿಸೆಂಬರ್ 31ಕ್ಕೆ ಬ್ರೆಕ್ಸಿಟ್‌ನ, ಅಂದರೆ ಬ್ರಿಟನ್ ಒಕ್ಕೂಟ ಬಿಟ್ಟದ್ದರ, ಪರಿವರ್ತನೆಯ ಅವಧಿ ಮುಗಿಯಿತು. ಬ್ರಿಟನ್ನಿನ ಡಿಗ್ರಿಗಿದ್ದ ತಾನಾಗಿಯೇ ಮಾನ್ಯತೆಯೂ ಅವತ್ತಿಗೆ ಮುಗಿಯಿತು. ಮುಂಚೆಯೇ ಮಾನ್ಯತೆ ಪಡೆದವರು ಬಚಾವ್. ಮಾರನೇ ದಿನ ಅರ್ಜಿ ಹಾಕಿದವರು ಅದೇ ಕಾಲೇಜು, ಅದೇ ಪಾಠ ಓದಿದ್ದರೂ ಹೊರಗಿನವರು.

ನಿಮ್ಮ ಓದುಗರಲ್ಲಿ ಯುರೋಪಿಗೆ ಹೊರಟವರಿದ್ದರೆ ಇದಿಷ್ಟು ಗಮನಿಸಲಿ. ಡಿಗ್ರಿಯ ಮಾನ್ಯತೆ ಬೇರೆ, ಕೆಲಸ ಮಾಡಲು ಬೇಕಾದ ಮಾನ್ಯತೆ ಬೇರೆ. ಮುಂದೆ ಓದಲು ಸೇರುವುದಕ್ಕೆ 1997ರ ಲಿಸ್ಬನ್ ಒಪ್ಪಂದ ಇದೆ. ಆ ಒಪ್ಪಂದಕ್ಕೆ ಸೇರಿದ ದೇಶದ ಡಿಗ್ರಿ ಬೇಡ ಅನ್ನುವವರೇ ಅದರಲ್ಲಿ ದೊಡ್ಡ ಕೊರತೆ ಇದೆ ಎಂದು ತೋರಿಸಬೇಕು. ಅದನ್ನು ನೋಡಿಕೊಂಡು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಲ್ಲಬಹುದು ಅಂದುಕೊಂಡರೆ ಕೆಟ್ಟಿರಿ. ಇನ್ನು ಒಕ್ಕೂಟದ ಹೊರಗೆ ಓದಿದ್ದರೆ, ಮೊದಲು ಕಾಲಿಟ್ಟ ದೇಶವೇ ಅದರ ಸ್ವಂತ ನಿಯಮದಂತೆ ಒಪ್ಪಬೇಕು. ಹಾಗೆ ಒಪ್ಪಿದ ದೇಶದಲ್ಲಿ ಮೂರು ವರ್ಷ ಆ ಕೆಲಸ ಮಾಡಿದ ಮೇಲಷ್ಟೇ, ಎರಡನೇ ದೇಶದ ಬಾಗಿಲು ತಟ್ಟಲು ಆ 2005ರ ನಿರ್ದೇಶನದ ಬಲ ಸಿಗುವುದು. ಅದರ ಜೊತೆಗೆ ಭಾಷೆ ಗೊತ್ತಾ ಎಂದು ಕೇಳುವ ಹಕ್ಕು ಎಲ್ಲ ದೇಶಕ್ಕೂ ಇದ್ದೇ ಇದೆ. ರೋಗಿ ಎಲ್ಲಿ ನೋವು ಅಂತ ಹೇಳಿದ್ದು ಅರ್ಥವಾಗಬೇಕಲ್ವಾ, ಅದಕ್ಕೆ ನನ್ನ ತಕರಾರಿಲ್ಲ.

ಮೇಲಿನ ಮನೆಯವರು ಈಗ ಕೆಲಸ ಮಾಡುತ್ತಿದ್ದಾರೆ. ಹೋದ ತಿಂಗಳು ನನ್ನ ಕುತ್ತಿಗೆ ಹಿಡಿದುಕೊಂಡಾಗ ಸರಿಮಾಡಿದ್ದೂ ಅವರೇ. ಸೀಲು ಹಾಕಿಸಿದ ಅನುವಾದಗಳ ಆ ದಪ್ಪ ಫೈಲನ್ನು ಇನ್ನೂ ಎಸೆದಿಲ್ಲವಂತೆ, ಯಾರಾದರೂ ಮತ್ತೆ ಕೇಳಿದರೆ ಅಂತ.

ಜರ್ಮನಿಯಿಂದ ನಿಮ್ಮ ಒಬ್ಬ ಓದುಗ