ಅನುಪಮಾಗೆ, ಮಕ್ಕಳಲ್ಲಿ ಆಸೆ ಹುಟ್ಟಿಸುವ ಬಗ್ಗೆ

ಸಾಗರ
ಭಾನುವಾರ

ಚಿ. ಅನುಪಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಬಂತು. ನಿಮ್ಮಮ್ಮನ ಮಂಡಿನೋವು, ತೋಟದ ಕೊಳೆರೋಗ, ಎಲ್ಲ ಫೋನಿನಲ್ಲೇ ಮಾತಾಡಿ ಆಗಿದೆ. ಅದನ್ನು ಮತ್ತೆ ಬರೆಯುವುದಿಲ್ಲ. ನೀನು ನಮ್ಮ ಕಡೆಯ ಶಾಲೆಗಳಿಗೆ ಬಂದು ಮಕ್ಕಳಿಗೆ ನಿನ್ನ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಿನ ಬಗ್ಗೆ, ಅಂದರೆ ನೆಲ, ನೀರು, ಗಿಡ ನೋಡಿ ಜಾಗ ರೂಪಿಸುವ ಕೆಲಸದ ಬಗ್ಗೆ ಹೇಳುವ ಕಾರ್ಯಕ್ರಮ ಇದೆಯಲ್ಲ, ಅದರ ಕುರಿತು ಮೂರನೇ ಪುಟದ ಕೊನೆಯಲ್ಲಿ ಬರೆದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ಎಂಟನೇ ಕ್ಲಾಸಿನ ಒಬ್ಬ ಹುಡುಗಿ ನನ್ನ ಮಾತು ಕೇಳಿ, ಇದನ್ನೇ ಓದ್ತೀನಿ ಅಂತ ಆಸೆ ಇಟ್ಟುಕೊಂಡು, ಮನೆಯಲ್ಲಿ ದುಡ್ಡಿಲ್ಲದೆ ಅದು ಆಗದೇ ಹೋದರೆ? ನಾನಂತೂ ಸಂಜೆಯ ರೈಲು ಹತ್ತಿ ಬೆಂಗಳೂರಿಗೆ ಬಂದುಬಿಡ್ತೀನಲ್ಲ ದೊಡ್ಡಮ್ಮ. ಈ ಶಾಲೆಗಳಿಗೆ ಹೋಗುವುದೇ ಬೇಡವೇನೋ ಅನ್ನಿಸುತ್ತಿದೆ."

ಸುಮ್ನೆ ಯೋಚನೆ ಮಾಡಬೇಡ, ಹೋಗಿ ಬಾ ಅಂತ ಎರಡು ಸಾಲು ಬರೆದುಬಿಡಬಹುದಿತ್ತು. ನನ್ನಿಂದ ಆಗಲಿಲ್ಲ. ನಿನ್ನ ಭಯ ಸುಳ್ಳಲ್ಲ. ಐದು ವರ್ಷ ಆರ್ಕಿಟೆಕ್ಚರ್, ಅದರ ಮೇಲೆ ಎರಡು ವರ್ಷ ಲ್ಯಾಂಡ್‌ಸ್ಕೇಪ್. ಏಳು ವರ್ಷ ಹಾಸ್ಟೆಲ್ಲು, ಡ್ರಾಯಿಂಗ್ ಶೀಟು, ಮಾಡೆಲ್ಲು, ಕಂಪ್ಯೂಟರು. ನಿನ್ನನ್ನು ಓದಿಸುವಾಗ ನಿಮ್ಮಪ್ಪ ಹೇಗೆ ಹೊಂದಿಸಿದರು ಅಂತ ನಮಗೆಲ್ಲ ಗೊತ್ತಿದೆ. ಎರಡು ಎಕರೆ ಗದ್ದೆ ನಂಬಿದವರಿಗೆ, ಬೇರೆಯವರ ತೋಟಕ್ಕೆ ಕೂಲಿಗೆ ಹೋಗುವವರಿಗೆ ಏಳು ವರ್ಷ ಅನ್ನುವುದು ಸಣ್ಣ ಮಾತಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ, ನಿಮ್ಮಮ್ಮನಿಗೂ ಗೊತ್ತಿಲ್ಲ. ನೀನು ಹೆದರುತ್ತಿರುವಂಥ ಹುಡುಗಿ ಒಂದು ಕಾಲಕ್ಕೆ ನಾನೇ ಆಗಿದ್ದೆ.

ಮುಳುಗಡೆಯ ಕತೆ ನಿನಗೆ ಬಾಯಿಪಾಠ ಇದೆ. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಕಟ್ಟೆ ಮುಗಿಯುವ ಮೊದಲೇ ನಾವು ಎದ್ದು ಬಂದದ್ದು, ಆಮೇಲಿನ ಹಕ್ಕುಪತ್ರದ ಗೋಳು, ಅದೆಲ್ಲ ಬೇಡ. ಹೊಸ ಜಾಗ ಅಳೆಯಲು ಮೋಜಿಣಿಯವರು ಬಂದಿದ್ದರು. ಮೂರು ಕಾಲಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಬಿಳಿ ಕಾಗದ. ಅಲ್ಲಿ ದೂರದ ಮತ್ತಿ ಮರ ನೋಡಿ ಇಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಶಾಲೆ ಬಿಟ್ಟ ಮೇಲೆ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಒಂದು ಸಂಜೆ ಅವರಲ್ಲೊಬ್ಬರು ಹಾಳೆ ಕೊಟ್ಟು, ನಿಮ್ಮ ಹಳೇ ಮನೆ ಎಲ್ಲಿತ್ತು ಬರಿ ನೋಡೋಣ ಅಂದರು. ಬರೆದೆ. ಮೇಲೆ ಸೊಪ್ಪಿನ ಬೆಟ್ಟ, ಅದರ ಬುಡಕ್ಕೆ ಕೆರೆ, ಕೆರೆಯ ಕೆಳಗೆ ತೋಟ, ತೋಟದ ನಡುವೆ ಬಸಿಗಾಲುವೆ, ಅದು ಹೋಗಿ ಗದ್ದೆಗೆ ಬೀಳುವುದು, ಗದ್ದೆ ದಾಟಿ ಹೊಳೆ. ನೀರು ಹೋಗುವ ಕಡೆಗೆಲ್ಲ ಬಾಣದ ಗುರುತು ಹಾಕಿದ್ದೆ. ಅವರು ಬಹಳ ಹೊತ್ತು ನೋಡಿದರು. "ನಿನಗೆ ನೆಲ ಕಾಣ್ತದೆ ಮಗೂ, ದೊಡ್ಡವಳಾಗಿ ಇದನ್ನೇ ಕಲಿ" ಅಂದರು. ಅಳತೆ ಮುಗಿಯಿತು, ಅವರು ಹೋದರು.

ಅಪ್ಪನನ್ನು ಕೇಳಿದೆ, ಇದನ್ನು ಎಲ್ಲಿ ಕಲಿಸುತ್ತಾರೆ ಅಂತ. ಅಪ್ಪ ಮಾತಾಡಲಿಲ್ಲ. ಮನೆಯ ಗೋಡೆಯೇ ಇನ್ನೂ ಎದ್ದಿರಲಿಲ್ಲ, ಅವರಾದರೂ ಏನು ಹೇಳಬೇಕಿತ್ತು? ಮುಂದೆ ಟಿಸಿಎಚ್ ಮಾಡಿದೆ, ಟೀಚರ್ ಆದೆ. ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದೆ. ಆದರೂ ಯಾರಾದರೂ ಜಾಗ ಅಳೆಯುವುದು ಕಂಡರೆ ಈಗಲೂ ನಿಂತು ನೋಡುತ್ತೇನೆ.

ನೋವಾಗಲಿಲ್ಲ ಅಂತ ನಿನಗೆ ಹೇಳಲಾರೆ. ಆಗಿದೆ. ಆದರೆ ಅವರು ಆ ಮಾತು ಆಡಬಾರದಿತ್ತು ಅಂತ ಒಂದು ದಿನವೂ ಅನ್ನಿಸಿಲ್ಲ. ಹೋಗುವ ಮೊದಲು ನಮ್ಮ ಶಾಲೆಯ ಮೇಷ್ಟ್ರಿಗೂ ಒಂದು ಮಾತು ಹೇಳಬೇಕಿತ್ತು ಅನ್ನಿಸಿದೆ. ನನ್ನೊಬ್ಬಳ ಕಿವಿಗೆ ಹಾಕಿ ಹೋದರು. ಅಷ್ಟು ಚಿಕ್ಕ ಹುಡುಗಿ ಆ ಮಾತನ್ನು ಯಾರ ಹತ್ತಿರ ಒಯ್ಯಬೇಕು ಹೇಳು?

ಅದಕ್ಕೇ ಅನು, ನೀನು ಮಕ್ಕಳ ಜೊತೆ ಕಳೆಯುವಷ್ಟೇ ಹೊತ್ತು ಟೀಚರುಗಳ ಜೊತೆಯೂ ಕೂರು. ಸಾಧ್ಯವಾದರೆ ಅವರ ಜೊತೆಗೇ ಜಾಸ್ತಿ. ನೀನು ರೈಲು ಹತ್ತಿದ ಮೇಲೂ ಅಲ್ಲಿ ಇರುವವರು ಅವರು. ನಮ್ಮ ಸ್ಟಾಫ್ ರೂಮಿನ ಸ್ಥಿತಿ ನಾನು ಕಂಡಿದ್ದೇನೆ. ಡಾಕ್ಟರು, ಇಂಜಿನಿಯರು, ಟೀಚರು, ಪೊಲೀಸು, ಬ್ಯಾಂಕು, ಅಲ್ಲಿಗೆ ನಮ್ಮ ಪಟ್ಟಿ ಮುಗಿಯುತ್ತಿತ್ತು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಮೊಣಕಾಲವರೆಗೆ ನೀರು ನಿಲ್ಲುತ್ತಿತ್ತು. ಅವನು ಒಂದು ಕೋಲು ಹಿಡಿದು ಸುತ್ತ ಓಡಾಡಿ, ಎಲ್ಲಿ ಕಡಿದರೆ ನೀರು ಇಳಿಯುತ್ತದೆ ಅಂತ ತೋರಿಸಿದ. ಕಡಿದೆವು, ಇಳಿಯಿತು. ಇಂಜಿನಿಯರ್ ಆಗ್ತೀಯ ಕಣೋ ಅಂತ ಬೆನ್ನು ತಟ್ಟಿದೆ. ಅದಕ್ಕಿಂತ ಬೇರೆ ಹೆಸರು ನನಗೆ ಗೊತ್ತಿರಲಿಲ್ಲ. ಅವನಿಗೆ ಗಿಡ ಮರ ಅಂದರೂ ಪ್ರಾಣ. ಆ ಎರಡನ್ನೂ ಸೇರಿಸುವ ಓದು ಒಂದಿದೆ ಅಂತ ನಾನು ತಿಳಿದದ್ದು ನೀನು ಅದಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಈಗ ಎಲ್ಲಿದ್ದಾನೋ. ಅವನನ್ನು ನೆನೆದರೆ ನಿನ್ನ ಭಯದ ಎದುರಿಗೆ ಇನ್ನೊಂದು ಭಯ ಎದ್ದು ನಿಲ್ಲುತ್ತದೆ. ಯಾರೂ ಹೇಳದೇ ಹೋಗುವ ಮಕ್ಕಳ ಲೆಕ್ಕ ಯಾರು ಇಡುತ್ತಾರೆ?

ಇನ್ನೊಂದು ನೆನಪಾಯಿತು. ಟೂರಿಗೆ ಮಕ್ಕಳನ್ನು ಕೆ.ಆರ್.ಎಸ್.ಗೆ ಕರೆದುಕೊಂಡು ಹೋಗುತ್ತಿದ್ದೆವು. ಕಟ್ಟೆ ಕಟ್ಟಿಸಿದ ವಿಶ್ವೇಶ್ವರಯ್ಯನವರ ಹೆಸರನ್ನು ಎಲ್ಲ ಮಕ್ಕಳೂ ಹೇಳುತ್ತಿದ್ದವು. ಅದರ ಬುಡದ ಬೃಂದಾವನ ತಾನಾಗಿ ಬೆಳೆದದ್ದು ಅಂತ ತಿಳಿದಿದ್ದೆವೋ ಏನೋ, ಅದನ್ನೂ ಯಾರೋ ಕೂತು ಯೋಚಿಸಿ ಬರೆದಿರಬೇಕು ಅಂತ ಒಬ್ಬರೂ ಕೇಳಲಿಲ್ಲ. ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕೃಂಬಿಗಲ್ ಅವರ ಕತೆ ನೀನು ನನಗೆ ಹೇಳಿದ್ದೆಯಲ್ಲ, ಅದನ್ನು ಟೀಚರುಗಳಿಗೆ ಹೇಳು. "ಇದು ಮಾಲಿ ಕೆಲಸ ಅಲ್ವಾ ಮೇಡಂ?" ಅಂತ ಒಬ್ಬರು ಕೇಳಿದ್ದಕ್ಕೆ ನೀನು ಬೇಜಾರು ಮಾಡಿಕೊಂಡಿದ್ದೀಯ. ಬೇಜಾರು ಯಾಕೆ? ಕೃಂಬಿಗಲ್ ಶುರು ಮಾಡಿದ್ದೇ ತೋಟದ ಕೆಲಸದಿಂದ. ಜರ್ಮನಿಯಲ್ಲಿ ಕಲಿತು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾಕ್ಕೆ ಬಂದು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಬೃಂದಾವನದ ವಿನ್ಯಾಸದಲ್ಲೂ ಅವರ ಕೈ ಇತ್ತು. ಒಂದರ ನಂತರ ಒಂದು ಮರ ಹೂ ಬಿಟ್ಟು ಬೆಂಗಳೂರಿನ ಬೀದಿಗಳು ವರ್ಷವಿಡೀ ಹೂವಿನಲ್ಲಿ ಇರಲಿ ಅಂತ ಲೆಕ್ಕ ಹಾಕಿ ನೆಡಿಸಿದರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಮಾಲಿ ಕೆಲಸ ಹೌದು, ಜೊತೆಗೆ ಇಷ್ಟು ದೊಡ್ಡದೂ ಹೌದು ಅಂತ ಹೇಳು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ದುಡ್ಡಿಲ್ಲದೆ ಏಳು ವರ್ಷದ ಕೊನೆಯಲ್ಲಿ ಮಗು ಸೋಲುತ್ತದೆ ಅಂತ ನೀನು ಹೆದರಿದ್ದೀಯ. ನಾನು ಕಂಡಂತೆ ಬಹಳ ಮಕ್ಕಳು ಸೋಲುವುದು ಎಸ್ಎಸ್ಎಲ್‌ಸಿ ಮುಗಿದ ಆ ಒಂದು ತಿಂಗಳಲ್ಲಿ. ಪಿಯುಸಿಗೆ ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ಕೇಳಲು ಜನ ಇರುವುದಿಲ್ಲ. ಆರ್ಕಿಟೆಕ್ಚರಿಗೆ ಗಣಿತ ಬೇಕೇಬೇಕು, ನಾಟಾ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು ಅಂತ ನೀನೇ ಹೇಳಿದ್ದೆ. ಗಣಿತ ಕಷ್ಟ ಅಂತ ಹದಿನಾರನೇ ವಯಸ್ಸಿನಲ್ಲಿ ಬಿಟ್ಟ ಮಗುವಿಗೆ ಆಮೇಲೆ ಆ ಬಾಗಿಲು ತೆರೆಯುವುದಿಲ್ಲ. ಇದನ್ನು ಟೀಚರುಗಳಿಗೆ ಬೋರ್ಡಿನ ಮೇಲೆ ಬರೆದು ಹೇಳು. ದುಡ್ಡಿನ ವಿಷಯವನ್ನೂ ಮುಚ್ಚಿಡಬೇಡ. ಎಷ್ಟು ವರ್ಷ, ಎಷ್ಟು ಖರ್ಚು, ಸ್ಕಾಲರ್‌ಶಿಪ್ ಎಲ್ಲಿ ಕೇಳಬೇಕು, ಮೊದಲ ಸಂಬಳ ಎಷ್ಟು ಬರುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳು. ಶಾಲೆಯ ಎಸ್‌ಡಿಎಂಸಿ, ಅಂದರೆ ಮೇಲುಸ್ತುವಾರಿ ಸಮಿತಿಯ ಸಭೆಯ ದಿನವೇ ಹೋದರೆ ತಾಯಂದಿರೂ ಬಂದಿರುತ್ತಾರೆ.

ಏಳು ವರ್ಷ ಆಗುವುದೇ ಇಲ್ಲ ಅನ್ನುವವರಿಗೆ ನಮ್ಮ ತಾಲೂಕಿನ ಇರುವಕ್ಕಿಯಲ್ಲೇ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ನಾಲ್ಕು ವರ್ಷದ ಡಿಗ್ರಿ. ರೈತರ ಮಕ್ಕಳಿಗೆ ಬೇರೆಯೇ ಸೀಟುಗಳಿವೆ. ಅದು ನಿನ್ನ ಓದೇ ಅಲ್ಲ, ನಿಜ. ಆದರೆ ನೆಲ, ಗಿಡ ಬಿಟ್ಟು ದೂರ ಹೋದ ಹಾಗೂ ಅಲ್ಲ. ನಿನ್ನ ಜೊತೆ ಕೆಲಸ ಮಾಡುವವರು ಒಪ್ಪುತ್ತಾರೋ ಇಲ್ಲವೋ, ನನಗೆ ತೋಚಿದ್ದು ಬರೆದೆ.

ಮಕ್ಕಳಿಗೆ ದೊಡ್ಡ ಊರಿನ ಪಾರ್ಕುಗಳ ಫೋಟೋ ತೋರಿಸಿ ನಿಲ್ಲಿಸಬೇಡ. ಶಾಲೆಯ ಹಿಂದೆ ಕರೆದುಕೊಂಡು ಹೋಗು. ಪ್ರತಿ ಜುಲೈನಲ್ಲಿ ನಮ್ಮ ಕಡೆ ಎಲ್ಲಾದರೂ ಧರೆ ಕುಸಿಯುತ್ತದೆ. ರಸ್ತೆಗೋ ಮನೆಗೋ ಅಂತ ಜೆಸಿಬಿಯಲ್ಲಿ ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತಾರೆ. ಮಣ್ಣು ನೀರು ಕುಡಿದು ಭಾರವಾಗುತ್ತದೆ, ಹಿಡಿಯಲು ಬೇರಿಲ್ಲ, ಒಂದು ರಾತ್ರಿ ಕೆಳಗೆ ಬರುತ್ತದೆ. ಹಾಗಾಗದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸುವುದು, ಲಾವಂಚ ನೆಡುವುದು, ಇದೆಲ್ಲ ನಿನ್ನ ಕೆಲಸವೇ ಅಲ್ವಾ? ಹಾಗಂತ ಹೇಳಿದರೆ ನಮ್ಮ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಅವರು ಧರೆ ನೋಡಿಕೊಂಡೇ ಬೆಳೆದವರು. ಒಂದು ವೇಳೆ ಆ ಹುಡುಗಿ ನಿನ್ನ ಓದಿಗೆ ಬರಲಾಗದೆ ಹೋದರೂ ನಾಳೆ ಅವಳ ಮನೆಯ ಹಿಂದೆ ಜೆಸಿಬಿ ಬಂದಾಗ, ನಿಲ್ಲಿ, ಹೀಗೆ ಕಡಿಯಬೇಡಿ ಅನ್ನುತ್ತಾಳೆ. ಅದು ಸಾಕು ಅಂತ ನಾನು ಹೇಳುತ್ತಿಲ್ಲ. ಸಾಲದು. ಅವಳಿಗೆ ಓದು ಸಿಗಬೇಕು. ಆದರೂ ನೀನು ಹೋದದ್ದು ವ್ಯರ್ಥ ಆಗುವುದಿಲ್ಲ.

ನಿಮ್ಮ ಓದಿಗೆ ಬುನಾದಿ ಹಾಕಿದ ಅಮೆರಿಕದ ಒಲ್ಮ್‌ಸ್ಟೆಡ್ ಅನ್ನುವವರು ಹುಟ್ಟಿದ ತಿಂಗಳು ಅಂತ ನಿನ್ನ ಕೆಲಸದವರು ಏಪ್ರಿಲ್‌ನಲ್ಲಿ ಈ ಕಾರ್ಯಕ್ರಮ ಇಡುತ್ತಾರೆ ಅಂತ ಬರೆದಿದ್ದೀಯ. ಇಲ್ಲಿ ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ. ಜೂನ್, ಜುಲೈ ಬಂದರೆ ಯಾವ ದಿನ ಮಳೆ ರಜೆ ಅಂತ ಹೇಳಲಾಗದು. ಜನವರಿ ಮೇಲೆ ಹತ್ತನೇ ಕ್ಲಾಸಿನವರಿಗೆ ಪೂರ್ವಸಿದ್ಧತಾ ಪರೀಕ್ಷೆ. ನವೆಂಬರ್ ಒಳ್ಳೆಯದು. ನೆಲ ಇನ್ನೂ ಹಸಿ ಇರುತ್ತದೆ, ನೀರು ಹರಿದ ಗುರುತೂ ಕಾಣುತ್ತದೆ. ನಾನು ಕೆಲಸ ಮಾಡಿದ ಶಾಲೆಯ ಹೆಡ್ ಮೇಡಂ ಹತ್ತಿರ ನಾನೇ ಮಾತಾಡುತ್ತೇನೆ, ನೀನು ದಿನ ಮಾತ್ರ ತಿಳಿಸು. ಬರುವಾಗ ದೊಡ್ಡ ಹಾಳೆ ಜಾಸ್ತಿ ತಾ, ಇಲ್ಲಿನ ಅಂಗಡಿಯಲ್ಲಿ ಆ ಅಳತೆಯದು ಸಿಗುವುದಿಲ್ಲ. ರಾತ್ರಿ ರೈಲಿಗೆ ಹೋಗಬೇಡ, ಒಂದು ದಿನ ಇಲ್ಲೇ ಉಳಿ. ಮಾರನೇ ದಿನ ಆ ಮಕ್ಕಳು ಏನು ಕೇಳುತ್ತಾರೆ ಅಂತ ನೀನೂ ಕೇಳಿಸಿಕೊಳ್ಳಬೇಕು.

ಇತಿ,
ನಿನ್ನ ದೊಡ್ಡಮ್ಮ