ಪೈಪಿಗೆ ಬಾಯಿ ಹಾಕಬೇಡಿ ಅಂದರೆ ಸಾಕೇ?

ಸಂಪಾದಕರೇ,

ಕಾರಿನ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಪತ್ರಿಕೆಗಳ ವಾಹನ ಪುಟದಲ್ಲಿ ಸಿಗುವ ಉತ್ತರ ಒಂದೇ, ಮೆಕ್ಯಾನಿಕ್ ಹತ್ತಿರ ಹೋಗಿ. ಸರಿ, ಆದರೆ ಜನ ಹೋಗುವುದಿಲ್ಲ ಅಲ್ವಾ? ಮನೆಯಲ್ಲಿ ಬಿದ್ದಿರುವ ಪೈಪ್ ತಂದು, ಒಂದು ತುದಿಯನ್ನು ಟ್ಯಾಂಕಿಗೆ ಇಳಿಸಿ, ಇನ್ನೊಂದಕ್ಕೆ ಬಾಯಿ ಹಾಕಿ ಎಳೆಯುತ್ತಾರೆ. ಬೇಡ ಅನ್ನುವುದರ ಜೊತೆಗೆ, ಮಾಡಲೇಬೇಕಾದರೆ ಹೇಗೆ ಅನ್ನುವುದನ್ನೂ ಬರೆಯಿರಿ. ಕಳ್ಳರಿಗೆ ಪಾಠ ಹೇಳಿದಂತಾಗುತ್ತದೆ ಅನ್ನಬೇಡಿ, ಅವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು.

ಬಾಯಿಂದ ಎಳೆದರೆ ಅಪಾಯ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಜಾಸ್ತಿ. ಪೆಟ್ರೋಲ್ ನೀರಿಗಿಂತ ತೆಳು. ಗಂಟಲಿಗೆ ಬಂದು ಒಮ್ಮೆ ಕೆಮ್ಮಿದರೆ ಸಾಕು, ಒಳಗೆ ಇಳಿದುಬಿಡಬಹುದು, ಆಮೇಲೆ ನ್ಯುಮೋನಿಯಾ ಥರದ ಉರಿಯೂತ ಶುರುವಾಗುತ್ತದೆ. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರಿದ್ದಾರೆ. ಅದನ್ನು ಮಾಡಲೇಬಾರದು, ಏಕೆಂದರೆ ವಾಪಸ್ ಬರುವಾಗಲೂ ಅದು ಶ್ವಾಸನಾಳದ ಬಾಯಿ ದಾಟಿಯೇ ಬರಬೇಕು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಅಸಲಿಗೆ ಬಾಯಿಯ ಅಗತ್ಯವೇ ಇಲ್ಲ. ಪೈಪ್ ತುಂಬಿರಬೇಕು, ಹೊರಗಿನ ತುದಿ ಟ್ಯಾಂಕಿನ ಪೆಟ್ರೋಲ್ ಮಟ್ಟಕ್ಕಿಂತ ಕೆಳಗಿರಬೇಕು, ಅಷ್ಟಾದರೆ ತಾನಾಗಿಯೇ ಹರಿಯುತ್ತದೆ. ಎರಡು ಪೈಪ್ ತಗೊಳ್ಳಿ. ಉದ್ದದ್ದರ ಒಂದು ತುದಿ ಪೆಟ್ರೋಲ್‌ನಲ್ಲಿ ಮುಳುಗಿರಲಿ, ಇನ್ನೊಂದು ನೆಲದ ಮೇಲಿಟ್ಟ ಕ್ಯಾನಿನಲ್ಲಿ. ಗಿಡ್ಡದ್ದು ಟ್ಯಾಂಕಿನೊಳಗೆ ಪೆಟ್ರೋಲ್ ಮುಟ್ಟದೆ ಮೇಲೆಯೇ ಇರಲಿ. ಟ್ಯಾಂಕಿನ ಬಾಯಲ್ಲಿ ಪೈಪುಗಳ ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ತುರುಕಿ, ಗಿಡ್ಡ ಪೈಪಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದರೆ ಒಳಗಿನ ಒತ್ತಡ ಪೆಟ್ರೋಲನ್ನು ಉದ್ದ ಪೈಪಿಗೆ ತಳ್ಳುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಟ್ಯಾಂಕಿನ ಕುತ್ತಿಗೆಯಲ್ಲೇ ಜಾಲರಿಯೋ ವಾಲ್ವೋ ಇರುತ್ತದೆ, ಪೈಪ್ ಅಲ್ಲಿ ನಿಂತರೆ ಗುದ್ದಿ ತೂರಿಸಬೇಡಿ, ಸಿಕ್ಕಿಕೊಂಡರೆ ಟ್ಯಾಂಕೇ ಇಳಿಸಬೇಕಾದೀತು. ಡೀಸೆಲ್ ಕಾರಿಗೆ ತಪ್ಪಿ ಪೆಟ್ರೋಲ್ ಹಾಕಿಸಿದವರು ಮಾತ್ರ ಕೀ ಸಹ ತಿರುಗಿಸದೆ ಮೆಕ್ಯಾನಿಕ್‌ಗೇ ಫೋನ್ ಮಾಡುವುದು ಒಳ್ಳೆಯದು.

ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯುವ ಐಡಿಯಾ ಯಾರ ತಲೆಗೆ ಬಂತೋ! ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲ್ ಆವಿ ಬೆಂಕಿ ಹತ್ತುವಷ್ಟು ಏಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆಯೇ ಹರಡುತ್ತದೆ, ಮೋಟಾರಿನ ಒಂದು ಕಿಡಿ ಸಾಕು. ಏನು ಮಾಡಿದರೂ ಬಯಲಲ್ಲಿ ಮಾಡಬೇಕು.

ಪೆಟ್ರೋಲ್ ಬಿಟ್ಟು ಕಾರಿನ ಬೇರೆ ದ್ರವಗಳಿಗೆ ಬಂದರೆ, ಬ್ರೇಕ್ ಆಯಿಲ್ ಎಳೆಯಲು ನನ್ನ ಮತ ಸೂಜಿ ಇಲ್ಲದ ದೊಡ್ಡ ಸಿರಿಂಜಿಗೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕಾರಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿರುವ ಹಳೆಯದನ್ನು ಎಳೆದು ಹೊಸದು ತುಂಬಬಹುದು, ಆದರೆ ಪೂರ್ತಿ ಖಾಲಿ ಮಾಡಬಾರದು, ಲೈನಿಗೆ ಗಾಳಿ ಹೊಕ್ಕರೆ ಪೆಡಲ್ ಮೆತ್ತಗಾಗುತ್ತದೆ. ಪೈಪುಗಳಲ್ಲಿರುವ ಹಳೆಯದು ಹಾಗೇ ಉಳಿಯುತ್ತದೆ, ಅದಕ್ಕೆ ಬ್ಲೀಡ್ ಮಾಡಿಸಲೇಬೇಕು, ಅಂದರೆ ಪೈಪುಗಳಿಂದ ಹಳೆಯ ಆಯಿಲ್, ಗಾಳಿ ಎರಡನ್ನೂ ಹೊರಗೆ ಹಾಕಿಸಬೇಕು. ಎಂಜಿನ್ ಆಯಿಲ್ ಎಳೆದ ಸಿರಿಂಜನ್ನು ಇಲ್ಲಿಗೆ ತರಬಾರದು, ಅದರ ಜಿಡ್ಡಿಗೆ ಬ್ರೇಕಿನ ರಬ್ಬರ್ ಸೀಲುಗಳು ಊದಿಕೊಳ್ಳುತ್ತವೆ. ಬ್ರೇಕ್ ಆಯಿಲ್ ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಎಂಜಿನ್ ಆಯಿಲನ್ನು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೂತಿನಿಂದ ಎಳೆಯಬಹುದು, ಸ್ವಲ್ಪ ಬೆಚ್ಚಗಿದ್ದರೆ ಸುಲಭ, ತಾಳ್ಮೆ ಬೇಕು.

ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್‌ನದು ಬೇರೆ ಕಥೆ. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ನಾಯಿ, ಮಕ್ಕಳು ಯಾರೂ ಬಿಡುವುದಿಲ್ಲ. ಎಳೆದದ್ದನ್ನು ಕುಡಿಯುವ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸ ಇದೆಯಲ್ಲ, ಅದರ ಬಗ್ಗೆ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಎರಡು ಪೈಪಿನ ವಿಧಾನಕ್ಕೆ ಒಂದು ಚಿತ್ರವನ್ನೂ ಹಾಕಿ. ಸುಮ್ನೆ ಮಾತಲ್ಲಿ ಹೇಳಿದರೆ ಯಾವ ಪೈಪ್ ಎಷ್ಟು ಇಳಿಯಬೇಕು ಅಂತ ಗೊಂದಲವಾಗುತ್ತದೆ.

ಇಂತಿ,
ಒಬ್ಬ ಓದುಗ